ಮುರಿದ ಬೋಲ್ಟ್ ತೆಗೆಯೋ ಸೆಟ್: ಲೆಫ್ಟ್ ಬಿಟ್‌ಗೆ ಪೂರ್ತಿ ಮಾರ್ಕು, ಈಜಿ ಔಟ್‌ಗೆ ಸೊನ್ನೆ

ಡಬ್ಬದ ಮೇಲೆ ದೊಡ್ಡದಾಗಿ ಚಿತ್ರ ಇರೋದು ಸುರುಳಿ ಹಲ್ಲಿನ ಎಕ್ಸ್‌ಟ್ರಾಕ್ಟರ್‌ನದು, ಅಂದರೆ ಗ್ಯಾರೇಜಿನವರು ಈಜಿ ಔಟ್ ಅನ್ನೋದು: ಮುರಿದ ಬೋಲ್ಟಿನಲ್ಲಿ ಕೊರೆದ ತೂತಿಗೆ ಕೂರಿಸಿ ಉಲ್ಟಾ ತಿರುಗಿಸೋ ಕಡ್ಡಿ. ಜೊತೆಗೆ ಕೊಸರು ಕೊಟ್ಟ ಹಾಗೆ ಐದು ಲೆಫ್ಟ್ ಹ್ಯಾಂಡ್ ಡ್ರಿಲ್ ಬಿಟ್ ಇಟ್ಟಿದ್ದಾರೆ. ಹಳೇ ಟ್ರ್ಯಾಕ್ಟರ್ ಬ್ಲಾಕ್‌ಗಳ ಮೇಲೆ ವರ್ಷಗಟ್ಟಲೆ ಬಳಸಿದ ಮೇಲೆ ಹೇಳ್ತಿದ್ದೀನಿ: ದುಡ್ಡು ಹುಟ್ಟಿಸಿದ್ದು ಆ ಕೊಸರು.

ಲೆಫ್ಟ್ ಬಿಟ್ ರಿವರ್ಸ್‌ನಲ್ಲಿ ತಿರುಗಿ ಕೊರೆಯುತ್ತೆ. ಅಂದರೆ ಕೊರೆಯೋ ಬಲವೇ ಬೋಲ್ಟನ್ನು ಬಿಚ್ಚೋ ಕಡೆಗೆ ತಿರುಗಿಸ್ತಾ ಇರುತ್ತೆ. 10 ಎಂಎಂ ಬೋಲ್ಟಿಗೆ ಮೊದಲು 3 ಎಂಎಂ, ಆಮೇಲೆ 5, ಆಮೇಲೆ 6.5. ಸ್ಪೀಡ್ ಕಡಿಮೆ, ಒತ್ತಡ ಜಾಸ್ತಿ, ತುದಿಗೆ ಆಗಾಗ ಎರಡು ಹನಿ ಎಣ್ಣೆ. ಎರಡನೇ ಬಿಟ್ ಅರ್ಧ ಇಳಿಯೋ ಹೊತ್ತಿಗೆ ಬಿಟ್ ಕಚ್ಚಿಕೊಂಡು ತುಂಡು ತಾನೇ ತಿರುಗಿ ಮೇಲೆ ಬರೋದುಂಟು. ಆ ಖುಷಿಗೇ ಈ ವಿಮರ್ಶೆ.

ಸೆಂಟರ್ ತಪ್ಪಿದರೆ ಮಾತ್ರ ಎಲ್ಲಾ ಹಾಳು. ಮುರಿದ ಮುಖ ಓರೆಕೋರೆ ಇರುತ್ತೆ, ಬ್ಲಾಕಿನ ಬೀಡು ಕಬ್ಬಿಣ ಬೋಲ್ಟಿಗಿಂತ ಸಲೀಸಾಗಿ ಕೊರೆಯುತ್ತೆ, ಬಿಟ್ ಆ ಕಡೆಗೇ ಜಾರುತ್ತೆ. ಮುಖವನ್ನು ಗ್ರೈಂಡರ್‌ನಲ್ಲಿ ಮಟ್ಟ ಮಾಡಿ ಪಂಚ್ ಹೊಡೀಬೇಕು. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಅಥವಾ ಹೊಗೆ ಸಾಗಿಸೋ ಕೊಳವೆ) ಹಿಡಿಯೋ ಸ್ಟಡ್, ಅಂದರೆ ತಲೆ ಇಲ್ಲದ ಬೋಲ್ಟ್, ಆದರೆ ಇನ್ನೂ ಸುಲಭದ ದಾರಿ ಇದೆ: ಮ್ಯಾನಿಫೋಲ್ಡನ್ನೇ ವಾಪಸ್ ಕೂರಿಸಿ, ಅದರ ತೂತಿಗೆ ಸರಿಯಾಗಿ ಕೂರೋ, ಒಳಗೆ 3.2 ಎಂಎಂ ತೂತಿರೋ ಬುಷ್ ಒಂದನ್ನು ಲೇತ್‌ನಲ್ಲಿ ಮಾಡಿಸಿ ಹಾಕಿದರೆ ಬಿಟ್ ಅಲ್ಲಾಡೋದೇ ಇಲ್ಲ. ಇಂಥ ಬುಷ್ ಸೆಟ್ಟಿನಲ್ಲೇ ಇರಬೇಕಿತ್ತು, ಇಲ್ಲ.

ಇನ್ನು ಈಜಿ ಔಟ್. ಅತಿಯಾಗಿ ಬಿಗಿದು ಅಥವಾ ಅದುರಿ ಅದುರಿ ಮುರಿದ ಬೋಲ್ಟ್ ಒಳಗೆ ಸಡಿಲವಾಗೇ ಇರುತ್ತೆ, ಅದು ಲೆಫ್ಟ್ ಬಿಟ್‌ಗೇ ಬರುತ್ತೆ. ತುಕ್ಕು ಹಿಡಿದು, ಬಿಚ್ಚೋವಾಗ ಮುರಿದದ್ದು ಬೇರೆ ಕಥೆ. 10 ಎಂಎಂ ಬೋಲ್ಟೇ ತಡೆಯದ ಬಲವನ್ನು ಅದರ ಹೊಟ್ಟೆಯೊಳಗಿನ 5 ಎಂಎಂ ಕಡ್ಡಿ ತಡೆಯುತ್ತಾ? ಮೇಲಾಗಿ ಅದು ಮೊನಚು, ಒಳಗೆ ಹೋದಷ್ಟೂ ಬೋಲ್ಟನ್ನು ಅಗಲಿಸಿ ಥ್ರೆಡ್ಡಿಗೆ ಇನ್ನೂ ಒತ್ತುತ್ತೆ. ಒಂದೇ ಕಡೆ ಸ್ಪ್ಯಾನರ್ ಹಾಕಿ ಎಳೆದರಂತೂ ಪಟ್ ಅಂತ ಮುರಿಯುತ್ತೆ. ಹಾಕಲೇಬೇಕು ಅಂದರೆ ಎರಡು ಕಡೆ ಹಿಡಿ ಇರೋ ಟ್ಯಾಪ್ ಹ್ಯಾಂಡಲ್‌ನಲ್ಲಿ ಎರಡೂ ಕೈಯಿಂದ ಸಮವಾಗಿ ತಿರುಗಿಸಿ.

ಈಜಿ ಔಟ್ ತುಂಬಾ ಗಟ್ಟಿ ಉಕ್ಕು, ಮುರಿದರೆ ಅದರ ಮೇಲೆ ಮಾಮೂಲಿ ಬಿಟ್ ಗೀರು ಕೂಡ ಹಾಕಲ್ಲ. ಕಾರ್ಬೈಡ್ ಬರ್‌ನಲ್ಲಿ ತಾಳ್ಮೆಯಿಂದ ಸವೆಸಬೇಕು, ಇಲ್ಲಾ ಬ್ಲಾಕನ್ನು ಸ್ಪಾರ್ಕ್ ಮಷೀನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸೋದು) ಇರೋ ಕಡೆ ಒಯ್ಯಬೇಕು. ಮ್ಯಾಸಿ 1035ರಂಥ ಗಾಡಿಯಲ್ಲಿ ಎಂಜಿನ್ ಬ್ಲಾಕೇ ಚಾಸಿ, ಮುಂದಿನ ಆಕ್ಸಲ್ಲೂ ಹಿಂದಿನ ಗೇರ್‌ಬಾಕ್ಸೂ ಅದನ್ನೇ ಹಿಡಿದು ನಿಂತಿರೋದು. ಬ್ಲಾಕ್ ಇಳಿಸೋದು ಅಂದರೆ ಟ್ರ್ಯಾಕ್ಟರನ್ನೇ ಎರಡು ಹೋಳು ಮಾಡೋದು. ಈ ಮಾತು ಡಬ್ಬದ ಮೇಲೆ ಎಲ್ಲೂ ಇಲ್ಲ.

ತುಕ್ಕು ಹಿಡಿದವಕ್ಕೆ ನನ್ನ ಓಟು ನಟ್ ವೆಲ್ಡಿಂಗಿಗೆ. ಹಿಂದಿನ ದಿನದಿಂದ ಬೆಳಿಗ್ಗೆ ಸಂಜೆ ಎಣ್ಣೆ ಬಿಟ್ಟು, ಪಂಚ್ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಕುಟ್ಟಬೇಕು. ಗೇರ್ ಎಣ್ಣೆ ಅಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಅರ್ಧ, ಅಸಿಟೋನ್ ಅರ್ಧ. ಎರಡೂ ಬೇರೆಯಾಗ್ತವೆ, ಪ್ರತಿ ಸಲ ಬಾಟಲಿ ಕುಲುಕಿ. ಬೆಂಕಿ ಬೇಗ ಹತ್ತೋ ಮಾಲು, ವೆಲ್ಡಿಂಗಿಗೆ ಮುಂಚೆ ಒರೆಸಿ ಪೂರ್ತಿ ಆರಲು ಬಿಡಿ. ಆಮೇಲೆ ತುಂಡಿನ ಮೇಲೆ ಒಂದು ಸೈಜ್ ದೊಡ್ಡ ನಟ್ ಇಟ್ಟು ಅದರ ಒಳಗಿಂದ ವೆಲ್ಡ್ ತುಂಬಿ. ಕೆಂಪು ಹೋಗಿ ತಣ್ಣಗಾಗೋವಾಗ ಬೋಲ್ಟ್ ಕುಗ್ಗಿ ತುಕ್ಕಿನ ಹಿಡಿತ ಬಿಡುತ್ತೆ. ತಿರುಗಿಸೋವಾಗ ಹಿಂದೆ ಮುಂದೆ, ಹಿಂದೆ ಮುಂದೆ, ಒಂದೇ ಏಟಿಗಲ್ಲ. ನಟ್ ಕಿತ್ತು ಬಂದರೆ ಇನ್ನೊಂದು ಹಾಕೋದು, ನಷ್ಟ ಒಂದು ನಟ್ ಅಷ್ಟೆ.

ಕೊಳ್ಳೋದಾದರೆ ಲೆಫ್ಟ್ ಬಿಟ್‌ಗಳನ್ನು ಬಿಡಿಯಾಗಿ, ಕೋಬಾಲ್ಟಿನವು ತಗೊಳ್ಳಿ. ಮುರಿದ ತಲೆ ಕಳೆದುಹೋಗಿದ್ದರೆ ಅದೇ ಸಾಲಿನ ಪಕ್ಕದ ಬೋಲ್ಟಿನ ತಲೆ ನೋಡಿ, 10.9 ಅಂತಿದ್ದರೆ ಅದು ಗಟ್ಟಿ ಉಕ್ಕಿನ ಬೋಲ್ಟ್, ಸಾದಾ ಬಿಟ್ ಬೇಗ ಮೊಂಡಾಗುತ್ತೆ. ಉಳಿದ ದುಡ್ಡಿಗೆ ಥ್ರೆಡ್ಡಿನ ಹಲ್ಲು ಅಳೆಯೋ ಒಂದು ಥ್ರೆಡ್ ಗೇಜ್. ಪರ್ಕಿನ್ಸ್ ಮೂಲದ ಹಳೇ ಎಂಜಿನ್‌ಗಳಲ್ಲಿ ಇಂಚಿನ ಥ್ರೆಡ್ ಇರುತ್ತೆ. 3/8 ಯುಎನ್‌ಸಿ (ಇಂಚಿನ ಒರಟು ಥ್ರೆಡ್) ಹೊರ ಅಳತೆ 9.5 ಎಂಎಂ, ಪಿಚ್ ಅಂದರೆ ಹಲ್ಲಿಂದ ಹಲ್ಲಿಗೆ ಅಂತರ ಸುಮಾರು 1.59 ಎಂಎಂ, ಕಣ್ಣಂದಾಜಿಗೆ 10 ಎಂಎಂ ಥರಾನೇ ಕಾಣುತ್ತೆ. ಅದಕ್ಕೆ 10 ಎಂಎಂ ಥ್ರೆಡ್ ಕೊರೆಯೋ ಎಂ10 ಟ್ಯಾಪ್ ಬಿಟ್ಟರೆ ಇದ್ದ ಥ್ರೆಡ್ಡೂ ಹೋಯ್ತು.