ಮಕ್ಕಳ ಕಂಪ್ಯೂಟರ್ ಕಲಿಕೆಗೆ ಜಿಕಾಂಪ್ರಿ: ಮುಂಬಯಿಯ ತರಗತಿಗಳಲ್ಲಿ ಎಷ್ಟು ಉಪಯೋಗ?

ಮಾಟುಂಗಾದಿಂದ ಡೊಂಬಿವಲಿವರೆಗೆ ಕನ್ನಡ ಸಂಘಗಳ ರಜಾದಿನದ ತರಗತಿಗೆ ಬರುವ ಮಕ್ಕಳಿಗೆ ಮೊಬೈಲ್ ಹೊಸದಲ್ಲ. ಕಂಪ್ಯೂಟರ್ ಮುಂದೆ ಕೂರಿಸಿದರೆ ಮಾತ್ರ ಮೌಸ್ ಬಿಟ್ಟು ಬೆರಳು ಸೀದಾ ಪರದೆಗೇ ಹೋಗುತ್ತದೆ. ಇಂಥವರಿಗೆ ಜಿಕಾಂಪ್ರಿ ಒಳ್ಳೆಯ ಆಯ್ಕೆ. 2000ರಲ್ಲಿ ಶುರುವಾದ, ಈಗ ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿರುವ ಈ ತಂತ್ರಾಂಶ 2ರಿಂದ 10 ವರ್ಷದವರಿಗೆ. ಒಳಗೆ ನೂರಕ್ಕೂ ಹೆಚ್ಚು ಆಟ, ಜಾಹೀರಾತಿನ ಕಾಟವಿಲ್ಲ. ಹಿಂದೆ ವಿಂಡೋಸ್ ಆವೃತ್ತಿಗೆ ಹಣ ಕಟ್ಟಬೇಕಿತ್ತು, ಈಗ ಪೂರ್ತಿ ಉಚಿತ.

ಚಿತ್ರ ಒರೆಸುವ ಆಟದಿಂದ ಶುರುಮಾಡಿ. ಚಿತ್ರವನ್ನು ಮುಚ್ಚಿದ ಚೌಕಗಳು ಮೌಸ್ ಓಡಿಸಿದಂತೆ ಮಾಯವಾಗುತ್ತವೆ. ಇದರದ್ದೇ ಎರಡನೇ ರೂಪಕ್ಕೆ ಕ್ಲಿಕ್, ಮೂರನೆಯದಕ್ಕೆ ಡಬಲ್ ಕ್ಲಿಕ್. ಮಕ್ಕಳು ಸೋಲುವುದು ಮೂರನೆಯದರಲ್ಲಿ: ಎರಡು ಒತ್ತುಗಳ ನಡುವೆ ತಡವಾಗುತ್ತದೆ, ಇಲ್ಲವೇ ಮೌಸ್ ಕದಲುತ್ತದೆ. ಮಣಿಕಟ್ಟು ಮೇಜಿಗೆ ಊರಿರಲಿ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ವೇಗ ತಗ್ಗಿಸಿ.

ಇಡೀ ತಂತ್ರಾಂಶದಲ್ಲಿ ಹೆಚ್ಚು ಅಂಕ ಕೊಡಬೇಕಾದದ್ದು ಪ್ರೋಗ್ರಾಮಿಂಗ್ ಮೇಜ್ ಎಂಬ ದಾರಿ ಹುಡುಕುವ ಆಟಕ್ಕೆ. ಮುಂದೆ ಹೋಗು, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂಬ ಆಜ್ಞೆಗಳನ್ನು ಸಾಲಾಗಿ ಜೋಡಿಸಿ ಟಕ್ಸ್ ಎಂಬ ಪೆಂಗ್ವಿನ್‌ನನ್ನು ಮೀನಿನ ಹತ್ತಿರ ತಲುಪಿಸಬೇಕು. 'ತಿರುಗು' ಅಂದರೆ ಅದು ನಿಂತಲ್ಲೇ ತಿರುಗುತ್ತದೆ, ಹೆಜ್ಜೆ ಇಡುವುದಿಲ್ಲ. ಆ ಎಡವೂ ಟಕ್ಸ್‌ನ ಎಡ, ನೋಡುವವರದ್ದಲ್ಲ. ಟಕ್ಸ್ ನಮ್ಮ ಕಡೆ ಮುಖ ಮಾಡಿದಾಗ ಲೆಕ್ಕ ತಪ್ಪುವುದು ಇಲ್ಲೇ. ಉತ್ತರ ಹೇಳಿಕೊಡದೆ ಮಗುವನ್ನೇ ಎಬ್ಬಿಸಿ ಟೈಲ್ಸ್ ಮೇಲೆ ಆಜ್ಞೆಯಂತೆ ನಡೆಸಿ; ಹಾಲ್‌ನಲ್ಲಿ ಟೈಲ್ಸ್‌ಗೇನೂ ಬರವಿಲ್ಲವಲ್ಲ. ಆಜ್ಞೆಗಳ ಸಂಖ್ಯೆಗೆ ಮಿತಿ ಇರುವುದರಿಂದ ಮುಂದಿನ ಹಂತಗಳಲ್ಲಿ ಮರುಕಳಿಸುವ ಹೆಜ್ಜೆಗಳನ್ನು ಬೇರೆ ಪ್ರೊಸೀಜರ್‌ಗೆ, ಅಂದರೆ ಒಮ್ಮೆ ಜೋಡಿಸಿಟ್ಟು ಬೇಕಾದಾಗ ಕರೆಯುವ ಆಜ್ಞೆಗಳ ಗುಂಪಿಗೆ, ಹಾಕಲೇಬೇಕು. ಅದೇಕೆ ಬೇಕೆಂದು ಪಾಠ ಮಾಡದೆಯೇ ಮಕ್ಕಳಿಗೆ ಹೊಳೆಯುತ್ತದೆ.

ಮೆನು ಪೂರ್ತಿ ತೆರೆದಿಟ್ಟರೆ ಮಕ್ಕಳು ಒಂದು ಆಟವನ್ನೂ ಮುಗಿಸುವುದಿಲ್ಲ. ಅಂದಿನ ಮೂರ್ನಾಲ್ಕು ಆಟಗಳ ಮೂಲೆಯ ಸೂರ್ಯನ ಗುರುತು ಒತ್ತಿ ಮೆಚ್ಚಿನ ಪಟ್ಟಿಗೆ ಸೇರಿಸಿ, ಅಲ್ಲಿಂದಲೇ ಆಡಿಸಿ. ಧ್ವನಿಗಳನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಹಾಲ್‌ನ ವೈಫೈ ನಂಬದೆ ಹಿಂದಿನ ದಿನವೇ ಮುಗಿಸಿಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರದ ಹಳೆಯ ಗ್ರಾಫಿಕ್ಸ್‌ನಿಂದಾಗಿ ಆಟ ತೆರೆಯದಿದ್ದರೆ, ಸ್ಟಾರ್ಟ್ ಮೆನುವಿನಲ್ಲಿರುವ ಜಿಕಾಂಪ್ರಿಯದೇ ಸೇಫ್ ಮೋಡ್‌ನಿಂದ ಶುರುಮಾಡಿ.

ಕೀಬೋರ್ಡ್ ಆಟಗಳು ಅಷ್ಟಕ್ಕಷ್ಟೇ. ಬೀಳುವ ಅಕ್ಷರ ಸರಿಯಾಗಿ ಒತ್ತಿದರೆ ಸಾಕು, ಯಾವ ಬೆರಳು ಎಂದು ಕೇಳುವುದಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟುವವರೂ ಪಾಸು. ಫೈಲ್, ಫೋಲ್ಡರ್‌ಗಳ ಪಾಠ ಜಿಕಾಂಪ್ರಿಯಲ್ಲಿಲ್ಲ. ಮಕ್ಕಳಿಗೆ ಚಿತ್ರ ಬರೆಯಲೆಂದೇ ಇರುವ ಟಕ್ಸ್ ಪೇಂಟ್ ಎಂಬ ಬೇರೆ ತಂತ್ರಾಂಶ ಕೂಡ ಈ ಪಾಠಕ್ಕಾಗದು, ಅದು ಹೆಸರು ಕೇಳದೆಯೇ ಚಿತ್ರ ಉಳಿಸುತ್ತದೆ. ವಿಂಡೋಸ್‌ನದೇ ಪೇಂಟ್‌ನಲ್ಲಿ ಚಿತ್ರ ಬರೆಸಿ, ಹೆಸರು ಕೊಟ್ಟು ಫೋಲ್ಡರ್‌ನಲ್ಲಿ ಉಳಿಸಿ, ಮುಚ್ಚಿ, ಮತ್ತೆ ಹುಡುಕಿ ತೆರೆಯುವುದನ್ನು ಬೇರೆಯಾಗಿಯೇ ಮಾಡಿಸಬೇಕು.