ಗ್ರಂಥದೊಳಗಿನ ಗುಪ್ತ ಸಂದೇಶ ಹುಡುಕಲು ಲಿಬ್ರೆಆಫೀಸ್ ಕ್ಯಾಲ್ಕ್: ಕನ್ನಡ ಓದುಗರಿಗೆ ಒಂದು ವಿಮರ್ಶೆ

ಧರ್ಮಗ್ರಂಥದಲ್ಲಿ ಅಡಗಿದ ಮಾತನ್ನು ಹೆಕ್ಕಿ ಕೊಡುತ್ತೇವೆ ಎನ್ನುವ ತಂತ್ರಾಂಶಗಳು ಬಹುತೇಕ ಹೀಬ್ರೂ, ಇಂಗ್ಲಿಷ್ ಪಠ್ಯಕ್ಕೆಂದು ಮಾಡಿದವು. ಅವುಗಳಿಗೆ ವಚನವನ್ನೋ ಭಾಮಿನಿ ಷಟ್ಪದಿಯನ್ನೋ ಕೊಟ್ಟರೆ ಒತ್ತಕ್ಷರ ಒಡೆದು ಚೂರಾಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಈ ಕೆಲಸಕ್ಕೆ ಕೈ ಹಾಕುವವರಿಗೆ ನಾವು ಹೇಳುವುದು ಲಿಬ್ರೆಆಫೀಸ್ ಕ್ಯಾಲ್ಕ್. ಲೆಕ್ಕದ ಹಾಳೆಯ ತಂತ್ರಾಂಶ, ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬಂಧ, ಅಂದರೆ ಅಕ್ಷರ ಇಲ್ಲವೆ ಅಂಕಿಗಳನ್ನು ಗೊತ್ತಾದ ನಿಯಮದಂತೆ ಜೋಡಿಸಿ ಮಾತನ್ನು ಅಡಗಿಸಿದ ರಚನೆ, ಬಿಡಿಸಲು ಐದಕ್ಕೆ ನಾಲ್ಕೂವರೆ ಕೊಡಬಹುದು. ಇಂತಿಷ್ಟು ಅಕ್ಷರ ಬಿಟ್ಟು ಓದುವ ಸಮ ಅಂತರದ ಹುಡುಕಾಟಕ್ಕೆ ಮೂರೇ. ಈ ವ್ಯತ್ಯಾಸಕ್ಕೆ ಕಾರಣ ತಂತ್ರಾಂಶಕ್ಕಿಂತ ಹೆಚ್ಚಾಗಿ ಆ ಎರಡು ಓದುಗಳಲ್ಲೇ ಇದೆ: ಬಂಧಕ್ಕೆ ಬರೆದವನೇ ಕೀಲಿ (ಓದುವ ನಿಯಮ) ಕೊಟ್ಟಿರುತ್ತಾನೆ, ಸಮ ಅಂತರದ ಓದಿನಲ್ಲಿ ಕೀಲಿಯನ್ನು ಹುಡುಕುವವನೇ ತಯಾರಿಸಿಕೊಳ್ಳುತ್ತಾನೆ.

ಮೊದಲ ತೊಡಕು ಪಠ್ಯದ್ದೇ. ಹುಬ್ಬಳ್ಳಿಯ ಡಿಟಿಪಿ ಅಂಗಡಿಯಿಂದಲೋ ಗದಗಿನ ಮುದ್ರಣಾಲಯದಿಂದಲೋ ಸಿಗುವ ಹಳೆಯ ಫೈಲು 'ನುಡಿ' ತಂತ್ರಾಂಶದ ಯುನಿಕೋಡ್ ಪೂರ್ವದ ಅಕ್ಷರಶೈಲಿಯಲ್ಲಿದ್ದರೆ ಅದನ್ನು ಯುನಿಕೋಡಿಗೆ, ಅಂದರೆ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆಯ ಸಂಕೇತವಿರುವ ಪದ್ಧತಿಗೆ, ಪರಿವರ್ತಿಸಬೇಕು. ಪರಿವರ್ತನೆಯಾದ ಮೇಲೆ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ; ಒಳಗೆ ಹಾಗಿರುವುದಿಲ್ಲ. 'ಕೇ'ಯ ಏತ್ವ ಒಂದೇ ಸಂಕೇತವಾಗಿ (3271) ಇರಬಹುದು, ಇಲ್ಲವೆ ಎತ್ವ (3270) ಮತ್ತು ದೀರ್ಘ ಚಿಹ್ನೆ (3285) ಎಂದು ಎರಡಾಗಿಯೂ ಇರಬಹುದು. 'ಕೋ'ದ ಓತ್ವವಂತೂ ಮೂರು ತುಂಡಾಗಿರಲು ಸಾಧ್ಯ. ಸಂಕೇತ ಎಣಿಸಿ ಓದುವ ಕೆಲಸದಲ್ಲಿ ಇಂಥದೊಂದು ಹೆಚ್ಚಾದರೆ ಅಲ್ಲಿಂದ ಮುಂದಿನ ಎಣಿಕೆಯೆಲ್ಲ ಜಾರುತ್ತದೆ. ಹುಡುಕಿ-ಬದಲಿಸು ಸೌಲಭ್ಯದಿಂದ ಇವನ್ನೆಲ್ಲ ಒಂದೇ ರೂಪಕ್ಕೆ ತಂದ ಮೇಲೆಯೇ ಮುಂದುವರಿಯಿರಿ.

ಎರಡನೆಯದು, ಯಾವುದನ್ನು 'ಒಂದು' ಎಂದು ಎಣಿಸುತ್ತೀರಿ? 'ಹುಬ್ಬಳ್ಳಿ' ಎಂಬ ಪದಕ್ಕೆ ಕ್ಯಾಲ್ಕ್‌ನ ಲೆನ್ ಸೂತ್ರ 9 ಎನ್ನುತ್ತದೆ, ಏಕೆಂದರೆ ಅದು ಸಂಕೇತಗಳನ್ನು ಎಣಿಸುತ್ತದೆ. ಬಾಯಲ್ಲಿ ಹೇಳುವ ಅಕ್ಷರ ಮೂರು. ಸ್ವರ, ವ್ಯಂಜನ ಬಿಡಿಸಿ ವರ್ಣಗಳಾಗಿ ಎಣಿಸಿದರೆ ಎಂಟು. ಒಂದೇ ಗ್ರಂಥದಲ್ಲಿ ಮೂರು ಎಣಿಕೆಗೆ ಮೂರು ಬೇರೆ ಬೇರೆ 'ಸಂದೇಶ' ಸಿಗುತ್ತವೆ. ಯಾವ ಎಣಿಕೆ ಎಂಬುದನ್ನು ಹುಡುಕುವ ಮುಂಚೆಯೇ ಹಾಳೆಯ ಮೇಲ್ತುದಿಯಲ್ಲಿ ಬರೆದಿಡಬೇಕು. ಸಿಕ್ಕ ಮೇಲೆ ಬರೆದರೆ ಆ ಫಲಿತಾಂಶಕ್ಕೆ ಕಿಮ್ಮತ್ತಿಲ್ಲ.

ಅಕ್ಷರ ಎಣಿಕೆಗೆ ಹಾಳೆ ಕಟ್ಟುವುದು ಹೀಗೆ. ಪಠ್ಯವನ್ನು 30,000 ಸಂಕೇತ ಮೀರದ ತುಂಡುಗಳಾಗಿ ಮಾಡಿಕೊಳ್ಳಿ, ಎಕ್ಸೆಲ್‌ನ ಒಂದು ಕೋಶದಲ್ಲಿ 32,767ಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಾದ್ದರಿಂದ ಫೈಲು ಅಲ್ಲಿಗೂ ಹೋಗುವುದಿದ್ದರೆ ತೊಂದರೆಯಾಗದು. ಕೋಶದ ಮೇಲೆ ಎಫ್2 ಒತ್ತಿ ಅಂಟಿಸಿ. ಸುಮ್ಮನೆ ಅಂಟಿಸಿದರೆ ಪ್ರತಿ ಪಾದವೂ ಬೇರೆ ಸಾಲಿಗೆ ಹೋಗುತ್ತದೆ. ಪಠ್ಯದಿಂದ ಬೇಕಾದ ತುಂಡು ತೆಗೆಯುವ ಮಿಡ್ ಸೂತ್ರಕ್ಕೆ ಸಾಲಿನ ಸಂಖ್ಯೆ ಕೊಟ್ಟು ಒಂದೊಂದು ಸಾಲಿಗೆ ಒಂದೊಂದು ಸಂಕೇತ ಇಳಿಸಿ. ಪಕ್ಕದ ಕಂಬದಲ್ಲಿ ಯುನಿಕೋಡ್ ಸೂತ್ರದಿಂದ ಅದರ ಸಂಖ್ಯೆ ತರಿಸಿ. ಸಂಖ್ಯೆ 3205ರಿಂದ 3257ರೊಳಗಿದ್ದು, ಮೇಲಿನ ಸಾಲಿನ ಸಂಖ್ಯೆ 3277 ಅಲ್ಲದಿದ್ದರೆ ಅಲ್ಲಿ ಹೊಸ ಅಕ್ಷರ ಶುರು. 3277 ಎಂದರೆ ಅರ್ಧಾಕ್ಷರದ ಹಲಂತ ಚಿಹ್ನೆ. ಅದರ ನಂತರ ಬರುವ ವ್ಯಂಜನ ಒತ್ತಾಗಿ ಹಿಂದಿನದಕ್ಕೇ ಸೇರುತ್ತದೆ. ಮೂರನೆಯ ಕಂಬದಲ್ಲಿ, ಹೊಸ ಅಕ್ಷರವಾದರೆ ಸಂಕೇತವನ್ನಷ್ಟೇ ಇಡಿ, ಇಲ್ಲದಿದ್ದರೆ ಮೇಲಿನದಕ್ಕೆ ಅಂಟಿಸಿ. ಅಂಟಿಸುವಾಗ 3202ರಿಂದ 3294ರವರೆಗಿನವು ಮಾತ್ರ ಸಾಕು. ತೆರಪು, ದಂಡ, ಅಂಕಿಗಳೆಲ್ಲ ತಾವಾಗಿ ಉದುರುತ್ತವೆ. ಮುಂದಿನ ಸಾಲಿನಲ್ಲಿ ಹೊಸ ಅಕ್ಷರ ಶುರುವಾಗುವ ಸಾಲುಗಳನ್ನಷ್ಟೇ ಉಳಿಸಿಕೊಂಡರೆ ಪೂರ್ಣ ಅಕ್ಷರಗಳ ಪಟ್ಟಿ ಸಿಗುತ್ತದೆ. ಹಳಗನ್ನಡ ಪಠ್ಯವಾದರೆ ಒಂದು ಎಚ್ಚರ: ೞಕಾರದ ಸಂಖ್ಯೆ 3294, ಅದು ವ್ಯಂಜನಗಳ ಸಾಲಿನಿಂದ ಹೊರಗಿದೆ. ನಿಯಮದಲ್ಲಿ ಅದನ್ನು ಬೇರೆಯಾಗಿ ಸೇರಿಸದಿದ್ದರೆ 'ಏೞು' ಒಂದೇ ಅಕ್ಷರವಾಗಿ ಬೀಳುತ್ತದೆ.

ತೆರಪುಗಳನ್ನು ಮೊದಲೇ ಅಳಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹಳಗನ್ನಡದಲ್ಲಿ ವ್ಯಂಜನದಿಂದ ಮುಗಿಯುವ ಪದಗಳು ಹೇರಳ. ತೆರಪು ತೆಗೆದ ಕೂಡಲೇ ಪದದ ಕೊನೆಯ ವ್ಯಂಜನ ಮುಂದಿನ ಪದದ ತಲೆಗೆ ಒತ್ತಾಗಿ ಅಂಟಿ, ಗ್ರಂಥದಲ್ಲೇ ಇಲ್ಲದ ಅಕ್ಷರ ಹುಟ್ಟುತ್ತದೆ. ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತಕ್ಕೂ (8204) ಇದೇ ಮಾತು. ಅದು ಇದ್ದಾಗ 'ಬಸ್‌ನಲ್ಲಿ' ಮೇಲಿನ ನಿಯಮದಂತೆ ನಾಲ್ಕು, ಅಳಿಸಿದರೆ ಮೂರು. ಅಕ್ಷರ ಗುರುತಿಸಿ ಆಮೇಲೆಯೇ ಶುಚಿ ಮಾಡಿ.

ಇಷ್ಟಾದ ಮೇಲೆ ಕ್ಯಾಲ್ಕ್ ನಿಜಕ್ಕೂ ಸುಖ ಕೊಡುವ ಭಾಗ. ಅಂತರದ ಸಂಖ್ಯೆಯನ್ನು ಒಂದು ಕೋಶದಲ್ಲಿಡಿ. ಬೇರೊಂದು ಹಾಳೆಯಲ್ಲಿ ಇಂಡೆಕ್ಸ್ ಸೂತ್ರದಿಂದ ಅಕ್ಷರಗಳನ್ನು ಅಷ್ಟೇ ಅಗಲದ ಚೌಕಕ್ಕೆ ಸುರಿಯಿರಿ: ಸಾಲಿನ ಸಂಖ್ಯೆಯಲ್ಲಿ ಒಂದು ಕಳೆದು, ಅಂತರದಿಂದ ಗುಣಿಸಿ, ಕಂಬದ ಸಂಖ್ಯೆ ಕೂಡಿಸಿ. ಅಂತರ 50 ಇದ್ದರೆ 50ರ ಅಂತರದ ಪದಗಳೆಲ್ಲ ಮೇಲಿಂದ ಕೆಳಗೆ ನೇರವಾಗಿ ಕಾಣುತ್ತವೆ. ಸಂಖ್ಯೆ ಬದಲಿಸಿದರೆ ಇಡೀ ಚೌಕ ಮಡಚಿ ಹೊಸದಾಗುತ್ತದೆ. 7.4ಕ್ಕಿಂತ ಹಳೆಯ ಆವೃತ್ತಿಗಳಲ್ಲಿ 1,024 ಕಂಬಗಳಿಗೆ ಮಿತಿ, ಈಗ 16,384. ಒತ್ತುಗಳು ಕೆಳಗೆ ಕತ್ತರಿಸಿದಂತೆ ಕಂಡರೆ ಸಾಲಿನ ಎತ್ತರ ಹೆಚ್ಚಿಸಿ, ಅಕ್ಷರದ ಗಾತ್ರ ಇಳಿಸಬೇಡಿ.

ಇಲ್ಲಿಯೇ ಜನ ಮರುಳಾಗುವುದೂ. ಚೌಕದಲ್ಲಿ ಹೆಸರೊಂದು ಕಂಡಾಕ್ಷಣ ಕೈ ಮುಗಿಯುವ ಮುಂಚೆ ಲೆಕ್ಕ ಹಾಕಬೇಕು. 10,000 ಅಕ್ಷರಗಳ ಪಠ್ಯ, ನಾಲ್ಕಕ್ಷರದ ಪದ, 1ರಿಂದ 1,000ದವರೆಗಿನ ಅಂತರ ಎಂದಿಟ್ಟುಕೊಳ್ಳಿ. ಪ್ರತಿ ಅಂತರಕ್ಕೂ ಆರಂಭಿಸಬಹುದಾದ ಜಾಗಗಳು 10,000ದಲ್ಲಿ ಅಂತರದ ಮೂರು ಪಟ್ಟು ಕಳೆದಷ್ಟು. ಎಲ್ಲ ಕೂಡಿದರೆ 84,98,500. ಹಿಂದುಮುಂದಾಗಿಯೂ ಓದಿದರೆ 1,69,97,000. ಪದದ ನಾಲ್ಕೂ ಅಕ್ಷರಗಳು ಐವತ್ತಕ್ಕೊಂದರಂತೆ ಬರುವಂಥವಾದರೆ ಅವು ಆ ಕ್ರಮದಲ್ಲಿ ಕೂಡುವ ಸಂಭವ 62,50,000ಕ್ಕೆ ಒಂದು. ಅಂದರೆ ಯಾರೂ ಏನೂ ಅಡಗಿಸಿಡದಿದ್ದರೂ ಸರಾಸರಿ ಎರಡು-ಮೂರು ಕಡೆ ಆ ಹೆಸರು ಸಿಕ್ಕೇ ಸಿಗುತ್ತದೆ. ಹೆಸರನ್ನು ಬೇರೆ ಬೇರೆ ಬಗೆಯಲ್ಲಿ ಬರೆದು ಹುಡುಕಿದರೆ ಇನ್ನೂ ಹೆಚ್ಚು.

ಹೀಬ್ರೂ ಬೈಬಲ್ಲಿನ ಪ್ರಸಂಗ ನಡೆದದ್ದೂ ಹೀಗೆಯೇ. 1994ರಲ್ಲಿ ವಿಟ್ಸ್‌ಟಮ್, ರಿಪ್ಸ್, ರೋಸೆನ್‌ಬರ್ಗ್ ಎಂಬುವರು ಆದಿಕಾಂಡದಲ್ಲಿ ರಬ್ಬಿಗಳ (ಯಹೂದಿ ಧರ್ಮಗುರುಗಳ) ಹೆಸರುಗಳು ಅವರವರ ಜನನ-ಮರಣದ ದಿನಗಳ ಹತ್ತಿರವೇ ಸಮ ಅಂತರದಲ್ಲಿ ಬರುತ್ತವೆ ಎಂದು ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. 1999ರಲ್ಲಿ ಮೆಕೆ, ಬಾರ್-ನಟನ್, ಬಾರ್-ಹಿಲ್ಲೆಲ್, ಕಲಾಯಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಯಾವ ರಬ್ಬಿಗೆ ಯಾವ ಹೆಸರು, ಯಾವ ಬಿರುದು ಆರಿಸಬೇಕು ಎಂಬಲ್ಲಿ ಬೇಕಾದಷ್ಟು ಸಡಿಲವಿತ್ತು, ಅಂಥದೇ ಸಡಿಲ ಬಳಸಿ ಟಾಲ್‌ಸ್ಟಾಯ್ ಕಾದಂಬರಿಯ ಹೀಬ್ರೂ ಅನುವಾದದಲ್ಲೂ ಅದೇ ಫಲ ತೆಗೆಯಬಹುದು. ಮೆಕೆಯವರು ಮೊಬಿ ಡಿಕ್ ಕಾದಂಬರಿಯಲ್ಲಿ ನಾಯಕರ ಹತ್ಯೆಯ 'ಭವಿಷ್ಯವಾಣಿ'ಗಳನ್ನೂ ತೋರಿಸಿದರು. ಹೀಬ್ರೂವಿನಲ್ಲಿ 22 ಅಕ್ಷರ, ಸ್ವರಗಳನ್ನು ಬಹುಪಾಲು ಬರೆಯುವುದಿಲ್ಲ; ಹಾಗಾಗಿ ಪದ ಕೂಡುವುದು ಕನ್ನಡಕ್ಕಿಂತ ಎಷ್ಟೋ ಸುಲಭ.

ನಮ್ಮ ಪಠ್ಯಗಳಿಗೆ ಇನ್ನೆರಡು ವಿಶೇಷ ತೊಡಕುಗಳಿವೆ. ಬಸವಣ್ಣನವರ ವಚನಗಳು ಸಾಮಾನ್ಯವಾಗಿ ಕೂಡಲಸಂಗಮದೇವ ಎಂಬ ಅಂಕಿತದಿಂದ ಮುಗಿಯುವುದರಿಂದ ಆ ಎಂಟು ಅಕ್ಷರಗಳ ಪ್ರಮಾಣ ಉಬ್ಬಿರುತ್ತದೆ. ಅವುಗಳಿಂದಾದ ಪದ ಎಲ್ಲೆಂದರಲ್ಲಿ ಸಿಗುತ್ತದೆ. ಷಟ್ಪದಿಯಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸವಿರುವುದರಿಂದ ಸಾಲಿನ ಉದ್ದದ ಆಸುಪಾಸಿನ ಅಂತರಗಳಲ್ಲಿ ಒಂದೇ ವ್ಯಂಜನ ಮರಳಿ ಮರಳಿ ಬರುತ್ತದೆ. ಆದ್ದರಿಂದ ತಾಳೆ ನೋಡುವಾಗ ಬಿಡಿ ಅಕ್ಷರಗಳನ್ನು ಕಲಸಬೇಡಿ, ಇಡೀ ಪದ್ಯಗಳ ಕ್ರಮವನ್ನಷ್ಟೇ ಕಲಸಿ. ರ್‍ಯಾಂಡ್ ಸೂತ್ರದಿಂದ ಪ್ರತಿ ಪದ್ಯಕ್ಕೊಂದು ಸಂಖ್ಯೆ ಕೊಟ್ಟು, ಅದನ್ನು ಬರಿಯ ಮೌಲ್ಯವಾಗಿ ಅಂಟಿಸಿ, ವಿಂಗಡಿಸಿ. ಮೌಲ್ಯವಾಗಿ ಅಂಟಿಸದಿದ್ದರೆ ಹಾಳೆ ಮುಟ್ಟಿದಾಗಲೆಲ್ಲ ಸಂಖ್ಯೆ ಬದಲಾಗಿ, ಎರಡನೆಯ ಸಲ ಅದೇ ಕ್ರಮ ಸಿಗುವುದಿಲ್ಲ. ಇನ್ನೊಂದು ತಾಳೆಗೆ ಅಷ್ಟೇ ಅಕ್ಷರಗಳ ಬೇರೆ ಗ್ರಂಥ ಬೇಕು. ವಚನಕ್ಕೆ ಎದುರಾಗಿ ಗದುಗಿನ ಭಾರತದ ಒಂದು ಸಂಧಿ ಇಟ್ಟು ನೋಡಿ. ಎರಡರಲ್ಲೂ ಹೆಸರು ಅಷ್ಟಷ್ಟೇ ಸಲ ಸಿಕ್ಕರೆ ಅಲ್ಲಿ ಯಾರೂ ಏನನ್ನೂ ಅಡಗಿಸಿಲ್ಲ. ಜೊತೆಗೆ ಓಲೆಗರಿಗಳ ಪಾಠಾಂತರವಿದೆ: ಒಂದು ಪ್ರತಿಯಲ್ಲಿ ಒಂದಕ್ಷರ ಹೆಚ್ಚಿದ್ದರೂ ಸಂದೇಶ ಮುರಿಯುವುದಾದರೆ, ಬೇರೆ ಸಂಪಾದನೆಯೊಂದನ್ನು ತೆಗೆದು ಮತ್ತೆ ಓಡಿಸಲೇಬೇಕು.

ಕ್ಯಾಲ್ಕ್‌ನ ದೌರ್ಬಲ್ಯವೂ ಇಲ್ಲೇ. ಸಾವಿರ ಅಂತರಗಳನ್ನು ಅದು ತಾನಾಗಿ ತಡಕುವುದಿಲ್ಲ, ಅದಕ್ಕೆ ಮ್ಯಾಕ್ರೊ, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ, ಬರೆಯಬೇಕು. ಲಕ್ಷ ಸಾಲು ದಾಟಿದ ಮೇಲೆ ಸೂತ್ರಗಳಿಂದ ಹಾಳೆ ತೆವಳುತ್ತದೆ. ಅಕ್ಷರ ಗುರುತಿಸುವ ಹಂತ ಮುಗಿದೊಡನೆ ಆ ಕಂಬಗಳನ್ನು ಮೌಲ್ಯವಾಗಿ ಮಾಡಿಬಿಡಿ.

ಬಂಧದ ವಿಷಯಕ್ಕೆ ಬಂದರೆ ಇದರಷ್ಟು ಒಳ್ಳೆಯ ಸಾಧನ ಸಿಗುವುದು ಕಷ್ಟ. ಜೈನ ಮುನಿ ಕುಮುದೇಂದುವಿನ ಸಿರಿಭೂವಲಯ ಎಂಬ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. 1ರಿಂದ 64ರವರೆಗಿನ ಅಂಕಿಗಳು, 27 ಸಾಲು 27 ಕಂಬದ ಚಕ್ರಗಳು, ಒಂದು ಚಕ್ರಕ್ಕೆ 729 ಮನೆ. ಮೊದಲ ಸಂಪುಟ 1953ರಲ್ಲಿ ಅಚ್ಚಾಯಿತು. 718 ಭಾಷೆಗಳಿವೆ ಎಂಬ ಹೇಳಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಕನ್ನಡ ಓದನ್ನು ಮಾತ್ರ ಪರೀಕ್ಷಿಸಿ. 27 ಸ್ವರ (ಒಂಬತ್ತು ಸ್ವರಕ್ಕೆ ಹ್ರಸ್ವ, ದೀರ್ಘ, ಪ್ಲುತ), 25 ವರ್ಗೀಯ, 8 ಅವರ್ಗೀಯ, 4 ಯೋಗವಾಹ: ಈ 64ರ ಪಟ್ಟಿಯನ್ನು ಒಂದು ಹಾಳೆಯಲ್ಲಿಡಿ. ಅ 1, ಕ 28, ಟ 38, ಯ 53, ಷ 58. ಚಕ್ರಬಂಧದ ನಡಿಗೆ ಮೇಲಿನ ಸಾಲಿನ ನಡುಮನೆಯಿಂದ ಶುರುವಾಗಿ ಬಲಕ್ಕೆ ಓರೆಯಾಗಿ ಮೇಲೇರುತ್ತದೆ. ಅಂಚು ಬಂದರೆ ಎದುರಂಚಿಗೆ, ಮನೆ ತುಂಬಿದ್ದರೆ ಒಂದು ಮನೆ ಕೆಳಗೆ. ಪ್ರತಿ ಮನೆಯ ಸರದಿ ತಿಳಿಯಲು ಸಾಲು, ಕಂಬ, 12 ಕೂಡಿಸಿ 27ರಿಂದ ಭಾಗಿಸಿ ಶೇಷವನ್ನು 27ರಿಂದ ಗುಣಿಸಿ. ಸಾಲಿಗೆ ಕಂಬದ ಎರಡು ಪಟ್ಟು ಕೂಡಿಸಿ 2 ಕಳೆದು, 27ರಿಂದ ಭಾಗಿಸಿದ ಶೇಷವನ್ನು ಅದಕ್ಕೆ ಸೇರಿಸಿ. ಕೊನೆಗೆ 1. ಶೇಷ ಕೊಡುವ ಮಾಡ್ ಸೂತ್ರ ಎರಡು ಸಲ ಬಳಸಿದರೆ ಮುಗಿಯಿತು. ಸರದಿ 1 ಬರಬೇಕಾದದ್ದು 1ನೇ ಸಾಲಿನ 14ನೇ ಕಂಬದಲ್ಲಿ, 2 ಬರಬೇಕಾದದ್ದು 27ನೇ ಸಾಲಿನ 15ರಲ್ಲಿ. ಸರದಿಯಂತೆ ವಿಂಗಡಿಸಿ, ಪಟ್ಟಿಯಲ್ಲಿ ಹುಡುಕಿ ಕೊಡುವ ವಿಲುಕಪ್‌ನಿಂದ ವರ್ಣ ತಂದಾಗ ಮೊದಲ ಚಕ್ರದಲ್ಲಿ 1, 58, 38, 1 ಬರಬೇಕು, ಅಂದರೆ 'ಅಷ್ಟ'. ಅದು ಬಾರದಿದ್ದರೆ ತಪ್ಪು ಬಹುತೇಕ ಅಂಕಿ ತುಂಬಿದ್ದರಲ್ಲಿರುತ್ತದೆ; ಮೊದಲು 729 ಮನೆ ತುಂಬಿವೆಯೇ, 64 ಮೀರಿದ ಅಂಕಿ ಇದೆಯೇ ನೋಡಿ. ಇಲ್ಲಿ ಒಂದೇ ನಿಯಮ ಇಡೀ ಚಕ್ರಕ್ಕೆ ಸಾಂಗತ್ಯ ಛಂದಸ್ಸಿನ ಪದ್ಯ ಕೊಡುತ್ತದೆ. ಆಕಸ್ಮಿಕಕ್ಕೆ ಆ ಶಕ್ತಿಯಿಲ್ಲ.

ವ್ಯಂಜನಗಳಿಗೆ ಅಂಕಿಯ ಬೆಲೆ ಕೊಟ್ಟು ಸಂಖ್ಯೆ ಅಡಗಿಸುವ ಕಟಪಯಾದಿ ಪದ್ಧತಿಗೂ ಇದೇ ಹಾಳೆ ಸಾಕು. ಮುಂದಿನ ಸಂಖ್ಯೆ 3277 ಅಲ್ಲದ ವ್ಯಂಜನಗಳನ್ನಷ್ಟೇ ಉಳಿಸಿಕೊಂಡರೆ ಒತ್ತಕ್ಷರದ ಕೊನೆಯ ವ್ಯಂಜನಕ್ಕೇ ಬೆಲೆ ಎಂಬ ನಿಯಮ ತಾನಾಗಿ ಪಾಲನೆಯಾಗುತ್ತದೆ. 'ಗೋಪೀಭಾಗ್ಯಮಧುವ್ರಾತ' ಎಂದು ಶುರುವಾಗುವ ಶ್ಲೋಕ ಕೊಟ್ಟು ನೋಡಿ: 3, 1, 4, 1, 5, 9, 2, 6 ಎಂದು ಪೈ ಬೆಲೆ ಇಳಿಯುತ್ತದೆ. ಕೀಲಿ ಎಲ್ಲರಿಗೂ ತಿಳಿದದ್ದು, ಆದ್ದರಿಂದ ಸಂದೇಶ ನಿಜವಾದದ್ದೇ. ಆದರೆ ಅದನ್ನು ವೇದದ್ದೆಂದು ಹಂಚುವವರು ಗಮನಿಸಬೇಕು. ಶ್ಲೋಕ ಪ್ರಸಿದ್ಧವಾದದ್ದು 1965ರಲ್ಲಿ ಅಚ್ಚಾದ ಭಾರತೀಕೃಷ್ಣ ತೀರ್ಥರ ಗಣಿತ ಪುಸ್ತಕದಿಂದ, ವೇದ ಸಂಹಿತೆಗಳಲ್ಲಿ ಅದಿಲ್ಲ. ತಾಳೆ ನೋಡುವಾಗ ಕ್ಯಾಲ್ಕ್‌ನ ಪೈ ಸೂತ್ರ ಬಳಸಬೇಡಿ, ಅದು ಸುಮಾರು 15 ಅಂಕಿಗಳಿಗೆ ನಿಲ್ಲುತ್ತದೆ. ಪೈ ಅಂಕಿಗಳನ್ನು ಪಠ್ಯವಾಗಿ ಅಂಟಿಸಿ ಸಾಲು ಸಾಲಾಗಿ ಹೋಲಿಸಿ. 31 ಅಂಕಿ ಕೂಡುತ್ತವೆ. 32ನೆಯದರಲ್ಲಿ ಶ್ಲೋಕದ ಕೊನೆಯ 'ರ' 2 ಎನ್ನುತ್ತದೆ, ಪೈ 5 ಎನ್ನುತ್ತದೆ.