ಪೆಟ್ರೋಲ್ ಕಾರೋ, ವಿದ್ಯುತ್ ಕಾರೋ: ಬೆಂಗಳೂರಿನಿಂದ ಘಟ್ಟ ಇಳಿಯುವವರಿಗೆ

ಬೆಂಗಳೂರಿನಲ್ಲಿದ್ದು ಆಗಾಗ ಮಂಗಳೂರಿನ ಕಡೆಯ ಊರಿಗೆ ಹೋಗುವವರು ಪೆಟ್ರೋಲ್ ಕಾರನ್ನು ಪೂರ್ತಿ ಬಿಟ್ಟು ವಿದ್ಯುತ್ ಕಾರನ್ನೇ ನೆಚ್ಚಬಹುದೇ ಎಂಬುದು ಮೊದಲಿಗೆ ಕಾರು ನಿಲ್ಲಿಸುವ ಜಾಗವನ್ನು ಅವಲಂಬಿಸಿದೆ. ಅಲ್ಲಿ 15 ಆಂಪಿಯರ್ ಸಾಕೆಟ್ ಇದ್ದರೆ, ಗಂಟೆಗೆ ಸುಮಾರು 3 ಯೂನಿಟ್‌ನಂತೆ ರಾತ್ರಿಯಿಡೀ ತುಂಬುವ ಚಾರ್ಜ್ ಮರುದಿನದ ಓಡಾಟಕ್ಕೆ ಧಾರಾಳವಾಗಿ ಸಾಕು.

ಯೂನಿಟ್‌ಗೆ 8 ರೂಪಾಯಿ, 6 ಕಿ.ಮೀ. ಎಂದು ಹಿಡಿದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿಯೊಳಗೆ ಖರ್ಚು ಮುಗಿಯುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, 100 ರೂಪಾಯಿ ದರದಲ್ಲೂ, ಆರೂವರೆ ದಾಟುತ್ತದೆ. ಆದರೆ ಖರೀದಿ ಬೆಲೆಯ ಅಂತರ ಹಲವೊಮ್ಮೆ ಲಕ್ಷಗಳಲ್ಲಿರುವುದರಿಂದ, ತಿಂಗಳಿಗೆ 400 ಕಿ.ಮೀ. ಮಾತ್ರ ಓಡಿಸುವವರಿಗೆ ಆ ಉಳಿತಾಯ ಬೇಗ ಕೈಗೆ ಹತ್ತದು.

ಬಾಳಿಕೆಯ ಭಯ ಅಷ್ಟು ಬೇಡ: ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ.

ಶಿರಾಡಿ ಏರುವಾಗ ಚಾರ್ಜ್ ಕಣ್ಣೆದುರೇ ಕರಗುತ್ತದೆ. ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಅದರಲ್ಲೊಂದು ಪಾಲನ್ನು ಮರಳಿಸುತ್ತದೆ, ಬ್ರೇಕೂ ಅಷ್ಟು ಕಾಯುವುದಿಲ್ಲ. ಸುಮಾರು 350 ಕಿ.ಮೀ. ದಾರಿಯಲ್ಲಿ ಹಾಸನದ ಆಸುಪಾಸಿನಲ್ಲೊಮ್ಮೆ ನಿಂತು ಚಾರ್ಜ್ ಮಾಡಿಕೊಳ್ಳುವ ವ್ಯವಧಾನವಿದ್ದರೆ ವಿದ್ಯುತ್ ಕಾರೊಂದೇ ಸಾಕಾಗುತ್ತದೆ. ಬಾಡಿಗೆ ಮನೆಯೆದುರು ರಸ್ತೆಯಲ್ಲೇ ಕಾರು ನಿಲ್ಲಿಸುವವರಿಗೆ, ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ದೂರ ಹೊರಡಬೇಕಾದವರಿಗೆ, ಸದ್ಯಕ್ಕೆ ಪೆಟ್ರೋಲ್ ಕಾರೇ ಅನುಕೂಲ.